ಹಂದಿಜ್ವರವೋ, ಮಾಮೂಲಿ ಫ್ಲೂವೋ? ಮೊದಲು ಮಗುವಿನ ಉಸಿರು ಎಣಿಸಿ

ಸಂಜೆಯವರೆಗೂ ಆಡಿಕೊಂಡಿದ್ದ ಮಗು ರಾತ್ರಿ ಊಟ ಬೇಡವೆಂದು ಮಲಗುತ್ತದೆ. ಹಣೆ ಮುಟ್ಟಿದರೆ ಕೆಂಡ. ಥರ್ಮಾಮೀಟರ್‌ನಲ್ಲಿ 103 ಡಿಗ್ರಿ. ತರಗತಿಯ ಇನ್ಯಾವುದೋ ಮಗುವಿಗೆ ಎಚ್‌1ಎನ್‌1 ಬಂದಿದೆಯಂತೆ ಎಂಬ ಸುದ್ದಿ ಪೋಷಕರ ಮೊಬೈಲ್‌ಗಳಲ್ಲಿ ಆಗಲೇ ಹರಿದಾಡುತ್ತಿದೆ. ಮಕ್ಕಳ ವೈದ್ಯರ ಮುಂದೆ ಕುಳಿತ ತಂದೆತಾಯಿ ಕೇಳುವ ಮೊದಲ ಪ್ರಶ್ನೆ ಒಂದೇ: ‘ಇದು ಹಂದಿಜ್ವರ ಅಲ್ಲ ತಾನೇ, ಡಾಕ್ಟರೇ?’ ಅಲ್ಲ ಎಂದರೆ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಜಂಘಾಬಲವೇ ಉಡುಗಿಹೋಗುತ್ತದೆ. ಆ ನಿರಾಳಕ್ಕೂ ಈ ಗಾಬರಿಗೂ ಅಷ್ಟೊಂದು ಕಾರಣವಿಲ್ಲ.

ಹೆಸರಿನ ಭಯ ಬಿಡಿ

2009ರ ಏಪ್ರಿಲ್‌ನಲ್ಲಿ ಅಮೆರಿಕ ಮತ್ತು ಮೆಕ್ಸಿಕೊದಲ್ಲಿ ಈ ವೈರಸ್ ಪತ್ತೆಯಾದಾಗ ಭಯಕ್ಕೆ ಅರ್ಥವಿತ್ತು. ಹಂದಿಗಳಲ್ಲಿ ಸುತ್ತುತ್ತಿದ್ದ ಫ್ಲೂ ವೈರಸ್‌ಗಳ ವಂಶವಾಹಿಗಳು ಕಲೆತು ಹುಟ್ಟಿದ ಹೊಸ ತಳಿ ಅದು. ಬಹುಪಾಲು ಜನರ ದೇಹಕ್ಕೆ ಅದರ ಪರಿಚಯವೇ ಇರಲಿಲ್ಲ. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಪಿಡುಗು ಎಂದು ಘೋಷಿಸಿತು. ಸಾಮಾನ್ಯವಾಗಿ ಫ್ಲೂನಿಂದ ಹೆಚ್ಚು ಸಾಯುವವರು ವಯಸ್ಸಾದವರು. ಆ ವರ್ಷ ಲೆಕ್ಕ ತಲೆಕೆಳಗಾಯಿತು. ಹಿರಿಯರಲ್ಲಿ ಹಲವರಿಗೆ ದಶಕಗಳ ಹಿಂದೆ ಬಂದುಹೋಗಿದ್ದ, ಇದನ್ನೇ ಹೋಲುವ ವೈರಸ್ ಒಂದಿಷ್ಟು ರಕ್ಷಣೆ ಕೊಟ್ಟಿತ್ತು. ಮಕ್ಕಳು, ಯುವಜನರು, ಗರ್ಭಿಣಿಯರು ಹೆಚ್ಚು ನರಳಿದರು. ತಂದೆತಾಯಿಯರ ಮನಸ್ಸಿನಲ್ಲಿ ಈ ಹೆಸರು ಅಚ್ಚೊತ್ತಿ ಉಳಿದದ್ದು ಅದಕ್ಕೇ.

2010ರ ಆಗಸ್ಟ್ 10ರಂದು ಅದೇ ಸಂಸ್ಥೆ ಪಿಡುಗು ಮುಗಿಯಿತು ಎಂದಿತು. ವೈರಸ್ ಮಾತ್ರ ಎಲ್ಲಿಗೂ ಹೋಗಲಿಲ್ಲ. ಎಚ್‌3ಎನ್‌2 ಮತ್ತು ಬಿ ಗುಂಪಿನ ವೈರಸ್‌ಗಳ ಜೊತೆ ಅದೂ ಈಗ ವರ್ಷವರ್ಷ ಬರುವ ಋತುಮಾನದ ಫ್ಲೂಗಳಲ್ಲಿ ಒಂದು. ಒಂದು ವರ್ಷ ಇದರ ಕೈ ಮೇಲು, ಮತ್ತೊಂದು ವರ್ಷ ಇನ್ನೊಂದರದ್ದು. ಹಾಗಾಗಿ ‘ಹಂದಿಜ್ವರವೋ, ಮಾಮೂಲಿ ಫ್ಲೂವೋ’ ಎಂದು ಕೇಳಿದರೆ ‘ಎರಡೂ ಹೌದು’ ಎಂಬ ಉತ್ತರ ಬರಬಹುದು. ಬೇಯಿಸಿದ ಹಂದಿಮಾಂಸಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಮ್ಮು, ಸೀನುಗಳ ಹನಿಗಳ ಮೂಲಕ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ.

ಇದಕ್ಕೆ ವಿರುದ್ಧದ ತಪ್ಪೇ ನನಗೆ ಹೆಚ್ಚು ಅಪಾಯಕಾರಿ ಎನ್ನಿಸುತ್ತದೆ: ‘ಬರೀ ಫ್ಲೂ ಬಿಡಿ’ ಎಂಬ ಉಡಾಫೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಋತುಮಾನದ ಫ್ಲೂ ವರ್ಷಕ್ಕೆ 30ರಿಂದ 50 ಲಕ್ಷ ಜನರಲ್ಲಿ ತೀವ್ರ ರೂಪ ತಾಳುತ್ತದೆ; ಅದರಿಂದಾಗುವ ಉಸಿರಾಟದ ತೊಂದರೆಗಳಿಗೆ 2.9 ಲಕ್ಷದಿಂದ 6.5 ಲಕ್ಷ ಜನ ಬಲಿಯಾಗುತ್ತಾರೆ. ಎಚ್‌1ಎನ್‌1 ಇಲ್ಲವೆಂಬ ವರದಿ ಕೈಗೆ ಬಂದಿತೆಂದು ಮಗುವಿನ ಮೇಲಿನ ಕಣ್ಣು ತೆಗೆಯುವಂತಿಲ್ಲ.

ಹೆಜ್ಜೆ 1: ಮಗು ಯಾವ ಗುಂಪಿನದು?

ನೆಗಡಿ ಮೆಲ್ಲಗೆ ಮೂಗಿನಿಂದ ಶುರುವಾಗುತ್ತದೆ. ಫ್ಲೂ ಧುತ್ತೆಂದು ಬರುತ್ತದೆ: ಜ್ವರ, ಚಳಿ, ಮೈಕೈ ನೋವು, ಒಣಕೆಮ್ಮು, ಗಂಟಲು ನೋವು, ವಿಪರೀತ ಸುಸ್ತು. ದೊಡ್ಡವರಿಗಿಂತ ಮಕ್ಕಳಲ್ಲಿ ವಾಂತಿ, ಭೇದಿ ಹೆಚ್ಚು. ಇಷ್ಟು ನೋಡಿ ಯಾವ ತಳಿಯೆಂದು ಹೇಳಲು ವೈದ್ಯರಿಗೂ ಆಗದು.

ಹೇಳಲು ಆಗುವುದು, ಮಗುವಿಗೆ ಅಪಾಯ ಎಷ್ಟು ಎಂಬುದನ್ನು. ಐದು ವರ್ಷದೊಳಗಿನ ಮಕ್ಕಳು, ಅದರಲ್ಲೂ ಎರಡು ವರ್ಷ ತುಂಬದವರು, ಮತ್ತು ಯಾವುದೇ ವಯಸ್ಸಿನಲ್ಲಿ ಆಸ್ತಮಾ, ಮಧುಮೇಹ, ಹೃದಯ, ಮೂತ್ರಪಿಂಡ ಅಥವಾ ನರಸಂಬಂಧಿ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿರುವವರು ಎಚ್ಚರಿಕೆಯ ಗುಂಪಿನವರು. ಇವರನ್ನು ‘ಎರಡು ದಿನ ನೋಡೋಣ’ ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಮೊದಲ ದಿನವೇ ವೈದ್ಯರಿಗೆ ತಿಳಿಸಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಮುಟ್ಟಿದರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೆಜ್ಜೆ 2: ಉಸಿರು ಎಣಿಸುವುದು

ಥರ್ಮಾಮೀಟರ್ ಅನ್ನು ಹತ್ತು ನಿಮಿಷಕ್ಕೊಮ್ಮೆ ನೋಡುವ ಮನೆಗಳಲ್ಲೂ ಉಸಿರು ಎಣಿಸುವವರು ಕಡಿಮೆ. ಜ್ವರದ ಅಂಕಿಗಿಂತ ಹೆಚ್ಚು ಸುದ್ದಿ ಹೇಳುವುದು ಇದೇ. ಇದಕ್ಕೆ ಬೇಕಾದದ್ದು ಒಂದು ಗಡಿಯಾರ ಮಾತ್ರ.

ಮಗು ನಿದ್ದೆಯಲ್ಲಿರುವಾಗ ಅಥವಾ ಮಡಿಲಲ್ಲಿ ಸುಮ್ಮನೆ ಒರಗಿರುವಾಗ ಅಂಗಿಯನ್ನು ಎದೆಯವರೆಗೆ ಮೇಲೆತ್ತಿ. ದೀಪ ಹಾಕಿಕೊಳ್ಳಿ. ಹೊಟ್ಟೆ ಅಥವಾ ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೊಬೈಲ್‌ನಲ್ಲಿ ಒಂದು ನಿಮಿಷಕ್ಕೆ ಟೈಮರ್ ಇಟ್ಟು ಪೂರ್ತಿ ಅರವತ್ತು ಸೆಕೆಂಡ್ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಇಲ್ಲಿ ಬೇಡ. ಎಳೆಯ ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. ಜ್ವರ ಏರಿದಾಗಲೂ ಉಸಿರು ಜೋರಾಗುತ್ತದೆ, ಆದ್ದರಿಂದ ಜ್ವರ ಇಳಿದ ಮೇಲೆ ಮತ್ತೊಮ್ಮೆ ಎಣಿಸಿ. ಆಗಲೂ ತಗ್ಗದಿದ್ದರೆ ಅದನ್ನು ಜ್ವರದ ಲೆಕ್ಕಕ್ಕೆ ಹಾಕಿ ಸುಮ್ಮನಾಗಬೇಡಿ.

ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಪಡಿಸಿದ ಮಿತಿ ಹೀಗಿದೆ: ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ನ್ಯುಮೋನಿಯಾದ ಶಂಕೆ ಶುರುವಾಗುವುದು ಇಲ್ಲಿಂದ.

ಅಂಗಿ ಎತ್ತಿದಾಗಲೇ ಪಕ್ಕೆಲುಬುಗಳ ಕೆಳಭಾಗವನ್ನೂ ನೋಡಿ. ಉಸಿರು ಒಳಗೆ ಎಳೆದಾಗ ಎದೆ ಉಬ್ಬಬೇಕು. ಅದರ ಬದಲು ಎದೆಯ ಕೆಳಭಾಗ ಒಳಕ್ಕೆ ಗುಳಿ ಬೀಳುತ್ತಿದ್ದರೆ, ಮೂಗಿನ ಹೊಳ್ಳೆಗಳು ಅರಳುತ್ತಿದ್ದರೆ, ಪ್ರತಿ ಉಸಿರಿಗೂ ನರಳುವ ಸದ್ದು ಬರುತ್ತಿದ್ದರೆ ಎಣಿಕೆ ಎಷ್ಟೇ ಇರಲಿ, ಹೊರಡಿ. ಎಣಿಸಿದ್ದನ್ನೆಲ್ಲ ಸಮಯದ ಸಮೇತ ಚೀಟಿಯಲ್ಲಿ ಬರೆದಿಡಿ. ‘ಉಸಿರು ಯಾಕೋ ಜಾಸ್ತಿ ಅನ್ನಿಸುತ್ತದೆ’ ಎನ್ನುವುದಕ್ಕಿಂತ ‘ರಾತ್ರಿ ಹತ್ತಕ್ಕೆ 38, ಎರಡಕ್ಕೆ 52’ ಎಂದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.

ಹೆಜ್ಜೆ 3: ಯಾವಾಗ ಓಡಬೇಕು?

ತುಟಿ ಅಥವಾ ಮುಖ ನೀಲಿಗಟ್ಟುವುದು, ಎಚ್ಚರಿಸಿದರೂ ಸರಿಯಾಗಿ ಸ್ಪಂದಿಸದಿರುವುದು, ಕುಡಿಸಿದ್ದೆಲ್ಲ ವಾಂತಿಯಾಗುವುದು, ಎಂಟು ಗಂಟೆ ಮೂತ್ರವೇ ಆಗದಿರುವುದು, ಅತ್ತರೂ ಕಣ್ಣೀರು ಬಾರದಿರುವುದು, ಫಿಟ್ಸ್, ನಡೆಯಲು ಒಪ್ಪದಷ್ಟು ಕಾಲುನೋವು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎನ್ನಬೇಡಿ. ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ.

ಹೆಚ್ಚಿನವರು ಮೋಸ ಹೋಗುವ ಲಕ್ಷಣ ಬೇರೆಯದೇ. ಜ್ವರ ಬಿಟ್ಟು, ಮಗು ಎದ್ದು ಆಡಲು ಶುರುಮಾಡಿ, ಒಂದೆರಡು ದಿನದಲ್ಲಿ ಜ್ವರ ಮತ್ತೆ ಮರುಕಳಿಸಿ ಕೆಮ್ಮು ಬಿಗಿಯಾಗುತ್ತದೆ. ಫ್ಲೂನಿಂದ ಸೋತ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ನುಗ್ಗಿರುವ ಸೂಚನೆ ಇದಾಗಿರಬಹುದು. ಮತ್ತೆ ವೈದ್ಯರನ್ನು ಕಾಣಲೇಬೇಕು.

ಹೆಜ್ಜೆ 4: ಔಷಧಿಯ ಲೆಕ್ಕ

ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಒಂದು ಕಿಲೊ ತೂಕಕ್ಕೆ ಒಮ್ಮೆಗೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಯ ಅಂತರದಲ್ಲಿ, ದಿನಕ್ಕೆ ನಾಲ್ಕು ಸಲ ಮೀರದಂತೆ. ಮೂರು ತಿಂಗಳೊಳಗಿನವರಿಗೆ ವೈದ್ಯರು ಹೇಳದೆ ಕೊಡಬಾರದು. ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಒಂದು ಸಿರಪ್‌ನ 5 ಮಿಲಿಲೀಟರ್‌ನಲ್ಲಿ 120 ಮಿಲಿಗ್ರಾಂ ಔಷಧಿ ಇದ್ದರೆ, ಮತ್ತೊಂದರಲ್ಲಿ 250 ಇರುತ್ತದೆ. 10 ಕಿಲೊ ತೂಗುವ ಮಗುವಿಗೆ ಮೊದಲನೆಯದು 6 ಮಿಲಿಲೀಟರ್ ಸರಿ. ಎರಡನೆಯದನ್ನೂ ಅಷ್ಟೇ ಕೊಟ್ಟರೆ ಪ್ರಮಾಣ ಎರಡು ಪಟ್ಟಾಯಿತು. ಕೆಮ್ಮು–ನೆಗಡಿಯ ಕೆಲವು ಮಿಶ್ರ ಔಷಧಿಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ ಎಂಬುದು ನೆನಪಿರಲಿ. ಆಸ್ಪಿರಿನ್ ಮಾತ್ರ ಮಕ್ಕಳ ಹತ್ತಿರವೂ ಸುಳಿಯಬಾರದು. ಫ್ಲೂ ಇದ್ದಾಗ ಅದು ಮಿದುಳು, ಯಕೃತ್ತಿಗೆ ಹಾನಿ ಮಾಡುವ ರೇಸ್ ಸಿಂಡ್ರೋಮ್ ತರಬಹುದು.

ಓಸೆಲ್ಟಾಮಿವಿರ್ ವೈರಸ್ ವಿರೋಧಿ ಔಷಧಿ. ಲಕ್ಷಣ ಕಂಡ 48 ಗಂಟೆಯೊಳಗೆ ಆರಂಭಿಸಿದರೆ ಹೆಚ್ಚು ಫಲ. ಎಚ್ಚರಿಕೆಯ ಗುಂಪಿನ ಮಕ್ಕಳನ್ನು ಮೊದಲ ದಿನವೇ ತೋರಿಸಿ ಎಂದದ್ದು ಇದಕ್ಕಾಗಿ. ಗಟ್ಟಿಮುಟ್ಟಾದ ಎಲ್ಲ ಮಕ್ಕಳಿಗೂ ಇದು ಬೇಕಿಲ್ಲ, ಮುಂಜಾಗ್ರತೆಯೆಂದು ಕೊಂಡು ಮನೆಯಲ್ಲಿ ಪೇರಿಸಿಡುವುದಂತೂ ಬೇಡವೇ ಬೇಡ. ಆ್ಯಂಟಿಬಯೋಟಿಕ್ ವೈರಸ್‌ಗೆ ಏನನ್ನೂ ಮಾಡುವುದಿಲ್ಲ.

ಪರೀಕ್ಷೆ ಮಾಡಿಸಬೇಕೇ? ಆಸ್ಪತ್ರೆಗೆ ಸೇರುವಂತಿದ್ದರೆ, ಅಪಾಯ ಹೆಚ್ಚಿದ್ದರೆ ಹೌದು, ತೀರ್ಮಾನ ವೈದ್ಯರದ್ದು. ತಕ್ಷಣ ಫಲಿತಾಂಶ ಕೊಡುವ ಆ್ಯಂಟಿಜೆನ್ ಪರೀಕ್ಷೆ ಎಷ್ಟೋ ಸಲ ಇರುವ ಫ್ಲೂವನ್ನೇ ಕಾಣದೆ ಬಿಡುತ್ತದೆ. ತಳಿಯ ಹೆಸರು ತಿಳಿಯುವುದು ಆರ್‌ಟಿ–ಪಿಸಿಆರ್ ಮಾದರಿಯ ಪರೀಕ್ಷೆಯಿಂದ. ತಿಳಿದರೂ ಕೊಡುವ ಔಷಧಿ ಅದೇ, ಮನೆಯ ಆರೈಕೆಯೂ ಅದೇ.

ಹೆಜ್ಜೆ 5: ಶಾಲೆ ಮತ್ತು ಲಸಿಕೆ

ಔಷಧಿಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ, ಉಳಿದ ಲಕ್ಷಣಗಳೂ ತಗ್ಗುತ್ತಿದ್ದರೆ ಶಾಲೆಗೆ ಕಳುಹಿಸಬಹುದು. ಬೆಳಿಗ್ಗೆ ಸಿರಪ್ ಕುಡಿಸಿ ಮೈ ತಣ್ಣಗಾಯಿತೆಂದು ಕಳುಹಿಸುವುದು ಈ ಲೆಕ್ಕಕ್ಕೆ ಬರುವುದಿಲ್ಲ; ಮಧ್ಯಾಹ್ನದ ಹೊತ್ತಿಗೆ ಜ್ವರ ಮತ್ತೆ ಏರಿರುತ್ತದೆ, ಅಕ್ಕಪಕ್ಕದ ಮಕ್ಕಳಿಗೆ ಅಂಟಿಯೂ ಆಗಿರುತ್ತದೆ.

ಎಚ್‌1ಎನ್‌1ಗೆ ಪ್ರತ್ಯೇಕ ಲಸಿಕೆ ಹುಡುಕಬೇಕಿಲ್ಲ. ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಲಸಿಕೆಯಲ್ಲೇ ಅದು ಸೇರಿದೆ. ವೈರಸ್ ರೂಪ ಬದಲಿಸುತ್ತ ಹೋಗುವುದರಿಂದ ಹೋದ ವರ್ಷದ್ದು ಈ ವರ್ಷಕ್ಕೆ ಸಾಲದು. ಆರು ತಿಂಗಳು ತುಂಬಿದ ಮೇಲೆ ಹಾಕಿಸಬಹುದು. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕಾಗುತ್ತದೆ. ರಕ್ಷಣೆ ಮೂಡಲು ಸುಮಾರು ಎರಡು ವಾರ ಹಿಡಿಯುವುದರಿಂದ ಫ್ಲೂ ಕಾಲ ಶುರುವಾಗುವ ಮೊದಲೇ ಹೋಗಬೇಕು. ಲಸಿಕೆ ಹಾಕಿಸಿದರೂ ಫ್ಲೂ ಬರಬಹುದು. ಆಸ್ಪತ್ರೆ ಸೇರುವ ಸಂಭವ ಕಡಿಮೆ. ಆರು ತಿಂಗಳು ತುಂಬದ ಕೂಸಿಗೆ ಲಸಿಕೆ ಇಲ್ಲವಾದ್ದರಿಂದ ತಾಯಿ ಬಸುರಿಯಾಗಿರುವಾಗಲೇ ಹಾಕಿಸಿಕೊಂಡರೆ ಆ ರಕ್ಷಣೆ ಹುಟ್ಟುವ ಮಗುವಿಗೂ ಕೆಲವು ತಿಂಗಳು ಸಿಗುತ್ತದೆ. ಕೂಸನ್ನು ಎತ್ತಿ ಆಡಿಸುವ ಅಜ್ಜ, ಅಜ್ಜಿ, ಅಣ್ಣ, ಅಕ್ಕಂದಿರಿಗೂ ಅದೇ ಸಲ ಹಾಕಿಸಿಬಿಡಿ.