ಪಿಕಪ್ ಎಳೆಯುತ್ತಿಲ್ಲವೇ? ಡಿಪಿಎಫ್ ಆರ್ಡರ್ ಮಾಡುವ ಮುನ್ನ ನೋಡಬೇಕಾದ್ದು

ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಎಳೆಯುತ್ತಿಲ್ಲ. ಬಿಎಸ್‌6 ಡೀಸೆಲ್ ಪಿಕಪ್ ಇಟ್ಟುಕೊಂಡವರಿಗೆ ಇದು ಹೊಸದೇನಲ್ಲ. ಗ್ಯಾರೇಜಿಗೆ ಒಯ್ದರೆ ‘ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಹೋಗಿದೆ’ ಎನ್ನುತ್ತಾರೆ, ಇಲ್ಲವೇ ‘ನಾಕ್ಸ್ ಸೆನ್ಸರ್ (ಹೊಗೆಯ ನೈಟ್ರೋಜನ್ ಆಕ್ಸೈಡ್ ಅಳೆಯುವ ಭಾಗ) ಹಾಕಬೇಕು’ ಎನ್ನುತ್ತಾರೆ. ಅದರ ಬೆನ್ನಿಗೇ ‘ಪಾರ್ಟ್ ಸ್ಟಾಕ್ ಇಲ್ಲ, ಬಂದಾಗ ಫೋನ್ ಮಾಡ್ತೀವಿ’ ಎಂಬ ಮಾತು. ಬಾಡಿಗೆಗೆ ಓಡುವ ಗಾಡಿ ವಾರಗಟ್ಟಲೆ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಹಾಗಾಗಿ ದುಬಾರಿ ಭಾಗಕ್ಕೆ ಮುಂಗಡ ಕೊಡುವ ಮೊದಲು ನಿಜಕ್ಕೂ ಕೆಟ್ಟಿರುವುದು ಏನು ಎಂದು ತಿಳಿದುಕೊಳ್ಳಬೇಕು. ಡಿಪಿಎಫ್ ತಾನಾಗಿ ಕೆಡುವುದು ಕಡಿಮೆ. ಹೊಗೆಯ ದಾರಿಯಲ್ಲಿ ಅದಕ್ಕಿಂತ ಮೊದಲು ಬರುವ ಯಾವುದೋ ಭಾಗ ಕೆಟ್ಟು, ಅದರ ಪಾಡು ಡಿಪಿಎಫ್ ಪಡುತ್ತಿರುತ್ತದೆ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್‌6 ಹೊಗೆ ನಿಯಮ ಜಾರಿಯಾಯಿತು. ಡೀಸೆಲ್‌ನಲ್ಲಿದ್ದ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. 2023ರ ಏಪ್ರಿಲ್ 1ರಿಂದ ಎರಡನೇ ಹಂತ ಬಂದು, ರಸ್ತೆಯ ಮೇಲೆ ಓಡುವಾಗಲೂ ಹೊಗೆ ಮಿತಿಯೊಳಗಿರಬೇಕು ಎಂದಾಯಿತು. ಇದಕ್ಕಾಗಿ ಸೈಲೆನ್ಸರ್ ದಾರಿಯಲ್ಲಿ ಸಾಲಾಗಿ ಹಲವು ಭಾಗಗಳಿವೆ. ಇಜಿಆರ್ ವಾಲ್ವ್ ಸ್ವಲ್ಪ ಹೊಗೆಯನ್ನು ಎಂಜಿನ್‌ಗೇ ತಿರುಗಿಸಿ ನೈಟ್ರೋಜನ್ ಆಕ್ಸೈಡ್ ತಗ್ಗಿಸುತ್ತದೆ. ಆಕ್ಸಿಡೇಷನ್ ಕ್ಯಾಟಲಿಸ್ಟ್ ಅರೆಬೆಂದ ಇಂಧನವನ್ನು ಸುಡುತ್ತದೆ. ಡಿಪಿಎಫ್ ಮಸಿ ಹಿಡಿದಿಡುತ್ತದೆ. ಡೀಸೆಲ್ ಮುಚ್ಚಳದ ಹತ್ತಿರ ನೀಲಿ ಮುಚ್ಚಳವಿದ್ದರೆ ನಿಮ್ಮ ಗಾಡಿಯಲ್ಲಿ ಯೂರಿಯಾ ದ್ರವ ಸಿಂಪಡಿಸಿ ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಎಸ್‌ಸಿಆರ್ ಕೂಡ ಇದೆ.

ಕೋಡ್ ಅಳಿಸಬೇಡಿ

ಎಂಜಿನ್ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದ ಕೂಡಲೇ ದೋಷದ ಕೋಡ್ ಅಳಿಸಿ ದೀಪ ಆರಿಸುವುದು ದೊಡ್ಡ ತಪ್ಪು. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಎಂಬ ದಾಖಲೆ ಇರುತ್ತದೆ. ದೋಷ ಕಂಡ ಕ್ಷಣದಲ್ಲಿ ಎಂಜಿನ್ ಬಿಸಿ ಎಷ್ಟಿತ್ತು, ವೇಗ ಎಷ್ಟಿತ್ತು, ಲೋಡ್ ಎಷ್ಟಿತ್ತು ಎಂಬುದೆಲ್ಲ ಅದರಲ್ಲಿದೆ. ಅಳಿಸಿದರೆ ಅದೂ ಹೋಗುತ್ತದೆ. ಸ್ಕ್ಯಾನರ್ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ವಾರಂಟಿ ವಾದಕ್ಕೂ ಅದು ಬೇಕಾಗುತ್ತದೆ.

ಸಾಮಾನ್ಯವಾಗಿ ಕಾಣುವ ಕೋಡ್‌ಗಳು ಇವು. ಪಿ2463 ಎಂದರೆ ಡಿಪಿಎಫ್‌ನಲ್ಲಿ ಮಸಿ ಮಿತಿ ಮೀರಿದೆ. ಪಿ2002 ಎಂದರೆ ಡಿಪಿಎಫ್ ಮಸಿ ಹಿಡಿಯುತ್ತಿಲ್ಲ ಎಂದು ಕಂಪ್ಯೂಟರ್‌ಗೆ ಅನುಮಾನ. ಪಿ0401 ಇಜಿಆರ್ ಹರಿವು ಕಡಿಮೆ. ಪಿ20ಇಇ ಎಸ್‌ಸಿಆರ್ ದಕ್ಷತೆ ಕಡಿಮೆ. ಪಿ207ಎಫ್ ಯೂರಿಯಾ ದ್ರವದ ಗುಣಮಟ್ಟ ಸರಿಯಿಲ್ಲ. ಪಿ2200 ಮತ್ತು ಪಿ229ಇ ನಾಕ್ಸ್ ಸೆನ್ಸರ್ ಸರ್ಕ್ಯೂಟಿನವು. ಇವು ಕಂಪ್ಯೂಟರ್ ಕಂಡದ್ದನ್ನು ಹೇಳುತ್ತವೆಯೇ ಹೊರತು ಯಾವ ಭಾಗ ಬದಲಿಸಬೇಕು ಎಂದು ಹೇಳುವುದಿಲ್ಲ. ಪಿ2002 ಬಂದಿತೆಂದು ಹೊಸ ಡಿಪಿಎಫ್ ಹಾಕಿಸಿದ ಮೇಲೆ, ಕಳಚಿಕೊಂಡಿದ್ದ ಒಂದು ರಬ್ಬರ್ ಪೈಪ್ ಸಿಕ್ಕರೆ ಆ ದುಡ್ಡು ಹಿಂದಿರುಗುವುದಿಲ್ಲ.

ಎರಡು ಸಣ್ಣ ಪೈಪ್

ಡಿಪಿಎಫ್‌ನ ಹಿಂದೆ ಮುಂದೆ ಎರಡು ಸಣ್ಣ ಪೈಪ್ ಹೊರಟು ಒತ್ತಡ ವ್ಯತ್ಯಾಸ ಅಳೆಯುವ ಸೆನ್ಸರ್‌ಗೆ ಸೇರುತ್ತವೆ. ಮಸಿ ಎಷ್ಟು ತುಂಬಿದೆ ಎಂದು ಎಂಜಿನ್ ಕಂಪ್ಯೂಟರ್ ಅಂದಾಜು ಮಾಡುವುದು ಮುಖ್ಯವಾಗಿ ಇದರಿಂದಲೇ. ಬಿಸಿಗೆ ರಬ್ಬರ್ ಸೀಳುತ್ತದೆ, ಮಸಿ ಕಟ್ಟಿಕೊಳ್ಳುತ್ತದೆ, ಸರ್ವಿಸ್ ಮಾಡಿದವರು ಅದಲು ಬದಲು ಸಿಕ್ಕಿಸಿರುತ್ತಾರೆ. ಪೈಪನ್ನು ಬೆರಳಲ್ಲಿ ಬಾಗಿಸಿ ನೋಡಿ, ಬಿರುಕು ಬಾಗಿದಾಗ ಮಾತ್ರ ಬಾಯಿ ಬಿಡುತ್ತದೆ. ಸೆನ್ಸರ್ ತುದಿಯಿಂದ ಬಿಚ್ಚಿ, ಬಾಯಿಂದ ಊದಿದರೆ ಗಾಳಿ ಸಲೀಸಾಗಿ ಹೋಗಬೇಕು. ಸೆನ್ಸರ್‌ಗೆ ಮಾತ್ರ ಗಾಳಿ ಊದಬೇಡಿ.

ಬಳಿಕ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ, ಅಂದರೆ ಆ ಕ್ಷಣದ ಅಂಕಿಗಳನ್ನು ನೋಡಿ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಇದ್ದಾಗ ಒತ್ತಡ ವ್ಯತ್ಯಾಸ ಸೊನ್ನೆ ತೋರಿಸಬೇಕು. ಹೊಗೆಯೇ ಹರಿಯದಿದ್ದಾಗಲೂ ಅಂಕಿ ತೋರಿಸುವ ಸೆನ್ಸರನ್ನು ನಂಬುವಂತಿಲ್ಲ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ನಿಂತಾಗ ಸ್ವಚ್ಛ ಡಿಪಿಎಫ್ ಸಾಮಾನ್ಯವಾಗಿ 1 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ತೋರಿಸುತ್ತದೆ. ರೇಸ್ ಮಾಡಿದಾಗ ಅಂಕಿ ಏರಿ, ಬಿಟ್ಟಾಗ ತಕ್ಷಣ ಇಳಿಯಬೇಕು. ಏರಿದ್ದು ಕದಲದೆ ನಿಂತರೆ ಪೈಪ್ ಅಥವಾ ಸೆನ್ಸರ್ ಮೇಲೆ ಅನುಮಾನ ಪಡಿ.

ಮಸಿ ಬಂದದ್ದು ಎಲ್ಲಿಂದ?

ಡಿಪಿಎಫ್ ನಿಜಕ್ಕೂ ತುಂಬಿದೆ ಎಂದು ಖಚಿತವಾದರೆ ಮುಂದಿನ ಪ್ರಶ್ನೆ, ಇಷ್ಟು ಮಸಿ ಏಕೆ ಎಂಬುದು. ಇದಕ್ಕೆ ಉತ್ತರ ಹುಡುಕದೆ ಹೊಸ ಡಿಪಿಎಫ್ ಹಾಕಿಸಿದರೆ ಅದೂ ಕೆಲವೇ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ.

ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ದಪ್ಪ ಹೋಸ್ ಮೇಲೆ ಎಣ್ಣೆ ಜಿನುಗಿದ ಗುರುತಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ತಿ ಸುಡದೆ ಮಸಿ ಹೆಚ್ಚುತ್ತದೆ. ಕ್ಲಿಪ್ ಬಿಗಿ ಮಾಡಿದರೇ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಏರ್ ಫಿಲ್ಟರ್ ನೋಡಿ. ಇಂಜೆಕ್ಟರ್‌ಗಳಿಂದ ಮರಳಿ ಹರಿಯುವ ಡೀಸೆಲನ್ನು ಬಾಟಲಿಗಳಲ್ಲಿ ಹಿಡಿದು ಅಳೆಯುವ ಲೀಕ್‌ಆಫ್ ಪರೀಕ್ಷೆ ಮಾಡಿಸಿ, ಒಂದು ಇಂಜೆಕ್ಟರಿನ ಬಾಟಲಿ ಉಳಿದವುಗಳಿಗಿಂತ ಬೇಗ ತುಂಬಿದರೆ ಅದು ಸವೆದಿದೆ. ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೂ ಕಪ್ಪು ಹೊಗೆ ಬರುತ್ತದೆ. ಅದನ್ನು ಬಿಚ್ಚಿ ಕಾರ್ಬ್ಯುರೇಟರ್ ಕ್ಲೀನರ್‌ನಿಂದ ತೊಳೆಯಬಹುದು. ಆದರೆ ಸ್ಕ್ರೂಡ್ರೈವರ್‌ನಿಂದ ವಾಲ್ವ್ ತಿರುಗಿಸಬೇಡಿ, ಒಳಗಿನ ಪ್ಲಾಸ್ಟಿಕ್ ಗಿಯರ್ ಮುರಿಯುತ್ತದೆ. ಮತ್ತೆ ಕೂರಿಸಿದ ಮೇಲೆ ಸ್ಕ್ಯಾನರ್‌ನಲ್ಲಿ ಲರ್ನಿಂಗ್ ಮಾಡಿಸಿ, ವಾಲ್ವ್‌ನ ಸ್ಥಾನವನ್ನು ಕಂಪ್ಯೂಟರ್‌ಗೆ ಕಲಿಸಬೇಕು.

ಕೂಲೆಂಟ್ ಕಡಿಮೆಯಾಗುತ್ತಿದ್ದು ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಇಜಿಆರ್ ಹೊಗೆಯನ್ನು ತಣಿಸುವ ಕೂಲರ್ ಒಳಗೆ ಸೋರುತ್ತಿರಬಹುದು. ಇದನ್ನು ಬಿಟ್ಟರೆ ಡಿಪಿಎಫ್ ಜೊತೆ ಎಂಜಿನ್‌ಗೂ ಅಪಾಯ.

ಎಂಜಿನ್ ಎಣ್ಣೆಯ ವಿಷಯ ಹಲವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಡಿಪಿಎಫ್ ಇರುವ ಎಂಜಿನ್‌ಗೆ ಕಡಿಮೆ ಬೂದಿಯ ಎಣ್ಣೆಯೇ ಬೇಕು. ಮಸಿ ಸುಟ್ಟುಹೋಗುತ್ತದೆ, ಎಣ್ಣೆಯಲ್ಲಿನ ಕ್ಯಾಲ್ಸಿಯಂ, ಸತುವಿನಂಥ ಲೋಹಗಳ ಬೂದಿ ಸುಡುವುದಿಲ್ಲ. ಅದು ಅಲ್ಲೇ ಕೂತು ಜಾಗ ತಿನ್ನುತ್ತದೆ. ಮಾಲೀಕರ ಕೈಪಿಡಿಯಲ್ಲಿ ಎಸಿಇಎ ಸಿ3, ಎಪಿಐ ಸಿಕೆ-4 ಎಂಬಂತೆ ಬರೆದಿರುವ ದರ್ಜೆಯನ್ನು ಡಬ್ಬಿಯ ಮೇಲಿನದಕ್ಕೆ ಹೋಲಿಸಿ ಕೊಳ್ಳಿ.

ಮಸಿ ಸುಡಿಸುವುದು

ಡಿಪಿಎಫ್ ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಮಸಿ ಸುಡುತ್ತದೆ. ಇದೇ ರೀಜನರೇಷನ್. ಮಾರುಕಟ್ಟೆಯಿಂದ ಅಂಗಡಿಗೆ, ಅಂಗಡಿಯಿಂದ ಮಾರುಕಟ್ಟೆಗೆ ನಾಲ್ಕೈದು ಕಿಲೋಮೀಟರ್ ಓಡುವ ಗಾಡಿಗೆ ಆ ಬಿಸಿ ಬರುವುದೇ ಇಲ್ಲ. ಡಿಪಿಎಫ್ ದೀಪ ಮಿನುಗದೆ ಹೊತ್ತಿ ನಿಂತಿದ್ದರೆ ಹೆದ್ದಾರಿಗೆ ಒಯ್ದು 60 ಕಿಲೋಮೀಟರ್ ವೇಗದಲ್ಲಿ, ಎಂಜಿನ್ 2,000 ಸುತ್ತಿಗಿಂತ ಇಳಿಯದಂತೆ ಒಂದು ಗಿಯರ್ ಕೆಳಗಿಟ್ಟು, 20ರಿಂದ 30 ನಿಮಿಷ ಓಡಿಸಿ. ನಡುವೆ ಆಫ್ ಮಾಡಬೇಡಿ. ಸುಡಿಸಲೆಂದು ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್‌ನಲ್ಲಿ ಸ್ವಲ್ಪ ಭಾಗ ಸಿಲಿಂಡರ್ ಗೋಡೆಗುಂಟ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಅರ್ಧಕ್ಕೇ ನಿಲ್ಲಿಸುತ್ತ ಹೋದರೆ ಪ್ರತಿ ಸಲವೂ ಮೊದಲಿನಿಂದ ಸಿಂಪಡಿಸಿ ಆಯಿಲ್ ತೆಳ್ಳಗಾಗುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಮೇಲಿನ ಗುರುತು ದಾಟಿ, ಡೀಸೆಲ್ ವಾಸನೆ ಬಂದರೆ ಗಾಡಿ ಓಡಿಸದೆ ಮೊದಲು ಆಯಿಲ್ ಬದಲಿಸಿ.

ದೀಪ ಮಿನುಗತೊಡಗಿದರೆ, ಪವರ್ ಕಟ್ ಆದರೆ, ನಿಂತಲ್ಲೇ ಸ್ಕ್ಯಾನರ್‌ನಿಂದ ಸುಡಿಸಬೇಕು. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ, ಎಂಜಿನ್ ಬಿಸಿಯಾಗಿರಲಿ. ಗಾಡಿಯನ್ನು ಬಯಲಲ್ಲಿ, ಮಣ್ಣು ಅಥವಾ ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ. ರಾಗಿ ಹುಲ್ಲು, ಜೋಳದ ದಂಟು ಬಿದ್ದ ಕಣದಲ್ಲಿ ಈ ಕೆಲಸ ಬೇಡವೇ ಬೇಡ, ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುತ್ತದೆ. ಮಸಿ ವಿಪರೀತ ತುಂಬಿದ್ದರೆ ಸ್ಕ್ಯಾನರ್ ಒಪ್ಪುವುದಿಲ್ಲ, ಬಲವಂತ ಮಾಡಬಾರದು. ಒಮ್ಮೆಗೇ ಅಷ್ಟೂ ಮಸಿ ಹೊತ್ತಿದರೆ ಒಳಗಿನ ಸೆರಾಮಿಕ್ ಕರಗಿ ಬಿರಿಯುತ್ತದೆ. ಅದರ ಬದಲು ಡಿಪಿಎಫ್ ಬಿಚ್ಚಿಸಿ, ಒಲೆಯಲ್ಲಿ ಕಾಯಿಸಿ ಗಾಳಿ ಹೊಡೆದು ಶುಚಿ ಮಾಡುವ ಯಂತ್ರವಿರುವ ಕಡೆ ಕೊಡಿ. ಮೊದಲು ಮತ್ತು ನಂತರ ತೂಕ ಮಾಡಿಸಿ, ಎಷ್ಟು ಗ್ರಾಂ ಹೊರಬಂತೆಂಬ ಲೆಕ್ಕ ಕೇಳಿ. ಆಸಿಡ್ ಹಾಕಿ ತೊಳೆಯುವವರಿಗೆ ಕೊಡಬೇಡಿ, ಕ್ಯಾಟಲಿಸ್ಟ್ ಲೇಪನ ಹೋಗುತ್ತದೆ.

ಹೊಲದ ಯೂರಿಯಾ ಬೇಡ

ನೀಲಿ ಮುಚ್ಚಳದ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ, ಅಂದರೆ ಡಿಇಎಫ್‌ನಲ್ಲಿ 32.5% ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಗೊಬ್ಬರದ 45 ಕೆಜಿ ಚೀಲದ ಯೂರಿಯಾ ಕಲಕಿ ಹಾಕಿದರಾಯಿತೆಂದು ಕೆಲವರು ಸಲಹೆ ಕೊಡುತ್ತಾರೆ, ಅದನ್ನು ನಂಬಿ ಕೆಟ್ಟವರಿದ್ದಾರೆ. ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿದೆ. ಆ ಎಣ್ಣೆ ಮತ್ತು ಕಲ್ಮಶಗಳು ಪಂಪ್, ನಳಿಗೆ, ಕ್ಯಾಟಲಿಸ್ಟ್ ಮೂರನ್ನೂ ಕೆಡಿಸುತ್ತವೆ. ಬಾವಿ ನೀರಿನ ಸುಣ್ಣಾಂಶದ್ದೂ ಅದೇ ಕಥೆ. ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಕಾನೂನುಬಾಹಿರ ಎಂಬುದೂ ನೆನಪಿರಲಿ.

ಗುಣಮಟ್ಟ ನೋಡಲು ದ್ರವದಲ್ಲಿ ಯೂರಿಯಾ ಎಷ್ಟಿದೆ ಎಂದು ತೋರಿಸುವ ಡಿಇಎಫ್ ರಿಫ್ರ್ಯಾಕ್ಟೋಮೀಟರ್ ಸಾಕು. ಎರಡು ಹನಿ ಗಾಜಿನ ಮೇಲಿಟ್ಟರೆ ಗೆರೆ 32.5ರ ಹತ್ತಿರ ನಿಲ್ಲಬೇಕು. ದ್ರವ ಹಳತಾದರೂ ಕೆಡುತ್ತದೆ. 25 ಡಿಗ್ರಿಯೊಳಗಿಟ್ಟರೆ ಸುಮಾರು 18 ತಿಂಗಳು ಬಾಳುತ್ತದೆ, 35 ಡಿಗ್ರಿಯಲ್ಲಿ ಆರೇ ತಿಂಗಳು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಶೆಡ್ಡಿನ ತಗಡಿನಡಿ ಡಬ್ಬಿಗಳನ್ನು ಕೂಡಿಡುವುದರಲ್ಲಿ ಅರ್ಥವಿಲ್ಲ. ನಳಿಗೆಯ ತುದಿಯಲ್ಲಿ ಉಪ್ಪಿನಂಥ ಬಿಳಿ ಹರಳು ಕಟ್ಟಿದ್ದರೆ ಬಿಚ್ಚಿ ಬಿಸಿ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಕರಗುತ್ತದೆ. ತಂತಿ ಬ್ರಷ್‌ನಿಂದ ಕೆರೆದರೆ ರಂಧ್ರ ಹಾಳಾಗುತ್ತದೆ. ನೀಲಿ ಮುಚ್ಚಳದಲ್ಲಿ ಡೀಸೆಲ್ ಸುರಿದಿದ್ದರೆ ಕೀ ಆನ್ ಮಾಡದೆ ಟ್ಯಾಂಕ್ ಖಾಲಿ ಮಾಡಿಸಿ.

ನಾಕ್ಸ್ ಸೆನ್ಸರ್ ಮತ್ತು ಸ್ಟಾಕ್ ಇಲ್ಲದ ಭಾಗಗಳು

ನಾಕ್ಸ್ ಸೆನ್ಸರ್ ಎಂದರೆ ಜಿರ್ಕೋನಿಯಾ ಸೆರಾಮಿಕ್ ತುದಿ, ಕೇಬಲ್, ಅದಕ್ಕೆ ಕಚ್ಚಿಕೊಂಡ ಎಲೆಕ್ಟ್ರಾನಿಕ್ ಪೆಟ್ಟಿಗೆ. ಮೂರೂ ಸೇರಿಯೇ ಒಂದು ಭಾಗ, ಬೇರೆಬೇರೆಯಾಗಿ ಸಿಗುವುದಿಲ್ಲ. ಬಿಸಿ ಸೆರಾಮಿಕ್ ಮೇಲೆ ನೀರು ಬಿದ್ದರೆ ಬಿರಿಯುತ್ತದೆ. ಸೈಲೆನ್ಸರ್ ಬಿಸಿ ಇರುವಾಗ ಪ್ರೆಷರ್ ವಾಷ್ ಮಾಡಬಾರದು ಎನ್ನುವುದು ಇದಕ್ಕೇ. ಬದಲಿಸುವ ಮುನ್ನ ಕನೆಕ್ಟರ್ ಪಿನ್‌ಗಳಲ್ಲಿ ಹಸಿರು ಕಿಲುಬು ಇದೆಯೇ ನೋಡಿ. ಬ್ಯಾಟರಿ ವೋಲ್ಟೇಜ್ ಬರುತ್ತಿದೆಯೇ ಅಳೆಯಿರಿ. ಬ್ಯಾಟರಿ ಬಿಚ್ಚಿ ಸೆನ್ಸರ್‌ನಿಂದ ಕಂಪ್ಯೂಟರ್‌ಗೆ ಮಾಹಿತಿ ಒಯ್ಯುವ ಎರಡು ಕ್ಯಾನ್ (CAN) ತಂತಿಗಳ ನಡುವೆ ಅಳೆದರೆ ಸುಮಾರು 60 ಓಮ್ ಸಿಗಬೇಕು. ಸಿಗದಿದ್ದರೆ ತಂತಿಯಲ್ಲಿ ದೋಷ, ಹೊಸ ಸೆನ್ಸರ್ ಹಾಕಿದರೂ ದೀಪ ಆರದು. ಸೆನ್ಸರ್ ಮುಂದಿನ ಗ್ಯಾಸ್ಕೆಟ್ ಸುತ್ತ ಕಪ್ಪು ಮಸಿ ಗೆರೆ ಕಂಡರೆ ಅಲ್ಲಿ ಹೊಗೆ ಸೋರಿ ಅಳತೆ ಕೆಡುತ್ತಿದೆ.

ಈ ಭಾಗಗಳ ಕೊರತೆಗೆ ಕಾರಣಗಳಿವೆ. ಜಗತ್ತಿನಲ್ಲಿ ಇಂಥ ಸೆನ್ಸರ್ ತಯಾರಿಸುವವರು ಬೆರಳೆಣಿಕೆ. 2021ರ ಚಿಪ್ ಅಭಾವದಲ್ಲಿ ಹೊಡೆತ ತಿಂದ ಭಾಗಗಳಲ್ಲಿ ಇವೂ ಸೇರಿದ್ದವು. ಅಮೆರಿಕದಲ್ಲಿ ಡಿಇಎಫ್ ಗುಣಮಟ್ಟದ ಸೆನ್ಸರ್ ಸಿಗದೆ, ತಾತ್ಕಾಲಿಕ ಸಾಫ್ಟ್‌ವೇರ್ ಪರಿಹಾರಕ್ಕೆ ಅಲ್ಲಿನ ಪರಿಸರ ಸಂಸ್ಥೆಯೇ ಒಪ್ಪಬೇಕಾಯಿತು. ಕ್ಯಾಟಲಿಸ್ಟ್‌ಗಳಿಗೆ ಪ್ಲಾಟಿನಂ, ಪಲ್ಲೇಡಿಯಂನಂಥ ದುಬಾರಿ ಲೋಹ ಬೇಕು, ಅದನ್ನು ಡೀಲರ್ ಕಪಾಟಿನಲ್ಲಿ ಕೂರಿಸಿಕೊಳ್ಳಲು ಹಿಂಜರಿಯುತ್ತಾರೆ. 2023ರಲ್ಲಿ ಎರಡನೇ ಹಂತ ಬಂದಾಗ ಒಂದೇ ಮಾದರಿಯ ಗಾಡಿಗೂ ಭಾಗದ ಸಂಖ್ಯೆ ಬದಲಾಗಿರಬಹುದು.

ಹಾಗಾಗಿ ಆರ್ಡರ್ ಮಾಡುವಾಗ ಗಾಡಿಯ ಹೆಸರು ಹೇಳಿದರೆ ಸಾಲದು. 17 ಅಕ್ಷರದ ಚಾಸಿ ಸಂಖ್ಯೆ, ತಯಾರಾದ ತಿಂಗಳು, ಹಳೆ ಭಾಗದ ಮೇಲಿನ ಸಂಖ್ಯೆಯ ಫೋಟೊ ಕೊಡಿ. ‘ಈ ಸಂಖ್ಯೆಗೆ ಬದಲಿ ಸಂಖ್ಯೆ ಬಂದಿದೆಯೇ?’ ಎಂದು ಕೇಳಿ. ಹಳೆಯ ಸಂಖ್ಯೆಗೆ ಸ್ಟಾಕ್ ಇಲ್ಲದಿದ್ದರೂ ಹೊಸ ಸಂಖ್ಯೆಗೆ ಇರಬಹುದು. ಪಕ್ಕದ ಜಿಲ್ಲೆಗಳ ಡೀಲರ್ ಸ್ಟಾಕ್ ಕಂಪ್ಯೂಟರಿನಲ್ಲಿ ನೋಡಿಸಿ. ವಾರಂಟಿ ಇದ್ದರೆ ಜಾಬ್ ಕಾರ್ಡ್ ತೆರೆಸದೆ ಗಾಡಿ ಬಿಟ್ಟುಬರಬೇಡಿ, ಆರ್ಡರ್ ದಿನಾಂಕ ಬರೆಸಿಕೊಳ್ಳಿ. ನೋಡಲು ಒಂದೇ ಥರ ಇದೆ ಎಂದು 24 ವೋಲ್ಟ್ ಲಾರಿಯ ಸೆನ್ಸರನ್ನು 12 ವೋಲ್ಟ್ ಪಿಕಪ್‌ಗೆ ಹಾಕಿಸಬೇಡಿ.

ಕಾಯುವ ದಿನಗಳಲ್ಲಿ ಯೂರಿಯಾ ದೋಷಕ್ಕೆ ‘ಇಷ್ಟು ಕಿ.ಮೀ. ನಂತರ ಸ್ಟಾರ್ಟ್ ಆಗುವುದಿಲ್ಲ’ ಎಂಬ ಎಣಿಕೆ ಬಂದಿದ್ದರೆ, ಅದು ಸೊನ್ನೆಗಿಳಿಯುವ ಮುನ್ನ ಗಾಡಿಯನ್ನು ವರ್ಕ್‌ಶಾಪ್ ಹತ್ತಿರ ತಂದುಕೊಳ್ಳಿ. ಸೊನ್ನೆಯಾದ ಮೇಲೆ ಆಫ್ ಮಾಡಿದರೆ ಟೋಯಿಂಗ್ ಒಂದೇ ಗತಿ. ಈ ಹೊತ್ತಿನಲ್ಲೇ ‘ಎಲ್ಲ ತೆಗೆದು ಪ್ರೋಗ್ರಾಮ್ ಮಾಡಿಕೊಡ್ತೀವಿ’ ಎನ್ನುವವರು ಎದುರಾಗುತ್ತಾರೆ. ಒಪ್ಪಬೇಡಿ. ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಮಾರ್ಪಾಡಿಗೆ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲಿದೆ. ಆ ಹೊಗೆಯನ್ನು ದಿನವಿಡೀ ಮೊದಲು ಉಸಿರಾಡುವವರು ಲೋಡ್ ಇಳಿಸುವ ಹಮಾಲರು ಮತ್ತು ಚಾಲಕರೇ.

ಹೊಸ ಸೆನ್ಸರ್ ಬಂದಾಗ ತುದಿಯ ಪ್ಲಾಸ್ಟಿಕ್ ಟೋಪಿಯನ್ನು ಕೂರಿಸುವ ಕ್ಷಣದಲ್ಲಿ ಮಾತ್ರ ತೆಗೆಯಿರಿ. ಗ್ರೀಸ್ ತುದಿಗೆ ತಾಗದಂತೆ, ಕೇಬಲ್ ತಿರುಚದಂತೆ, ತಯಾರಕರು ಕೊಟ್ಟ ಟಾರ್ಕ್‌ಗೆ ಬಿಗಿ ಮಾಡಿ. ಸಾಮಾನ್ಯವಾಗಿ ಅದು 50 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ಸ್ಕ್ಯಾನರ್‌ನಲ್ಲಿ ಹಳೆಯ ಕಲಿಕೆ ಅಳಿಸಿ, ಲೋಡ್ ಹಾಕಿ 30 ಕಿಲೋಮೀಟರ್ ಓಡಿಸಿ ಬಂದು ಮತ್ತೆ ಕೋಡ್ ನೋಡಿಸಿ. ಅದಾದ ಮೇಲೆ ಬಿಲ್ ಕೊಡಿ, ಹಳೆಯ ಭಾಗವನ್ನು ಕೇಳಿ ಪಡೆದು ಮನೆಗೆ ತನ್ನಿ.