ರೇಸ್ ಬುಕ್ ಓದೋದು ಹೇಗೆ, ಫೇವರಿಟ್ ಅಂದ್ರೆ ಏನು: ಮೊದಲ ಸಲ ರೇಸ್‌ಗೆ ಹೋಗೋರಿಗೆ

ಬೆಂಗಳೂರು ಟರ್ಫ್ ಕ್ಲಬ್ ಆಗ್ಲಿ, ಚಾಮುಂಡಿ ಬೆಟ್ಟದ ಕೆಳಗಿರೋ ಮೈಸೂರು ರೇಸ್ ಕ್ಲಬ್ ಆಗ್ಲಿ, ಒಳಗೆ ಹೋದ ತಕ್ಷಣ ಮಾಡಬೇಕಾದ ಮೊದಲ ಕೆಲಸ ರೇಸ್ ಬುಕ್ ತಗೊಳ್ಳೋದು. ಪಕ್ಕದಲ್ಲಿ ನಿಂತಿರೋ ಅಂಕಲ್ ಕೊಡೋ ಟಿಪ್ಸ್ ಆಮೇಲೆ ಕೇಳಿಸ್ಕೊಳ್ಳಿ, ಅವ್ರಿಗೆ ಗೊತ್ತಿದ್ರೆ ನಿಮಗ್ಯಾಕೆ ಹೇಳ್ತಿದ್ರು.

ಬುಕ್ಕಲ್ಲಿ ಒಂದೊಂದು ಕುದುರೆಗೆ ಒಂದು ಸಾಲು ಇರುತ್ತೆ: ನಂಬರು, ಹೆಸರು, ವಯಸ್ಸು, ಬಣ್ಣ, ಅಪ್ಪ ಅಮ್ಮ (ಸೈರ್, ಡ್ಯಾಮ್ ಅಂತಾರೆ), ಟ್ರೈನರ್, ಜಾಕಿ, ತೂಕ, ಡ್ರಾ. ಕೋಲ್ಟ್ ಅಂದ್ರೆ ಎಳೇ ಗಂಡು, ಫಿಲ್ಲಿ ಎಳೇ ಹೆಣ್ಣು, ಮೇರ್ ಬಲಿತ ಹೆಣ್ಣು, ಗೆಲ್ಡಿಂಗ್ ಅಂದ್ರೆ ಬೀಜ ಒಡೆಸಿದ ಗಂಡು. ಡ್ರಾ ಅಂದ್ರೆ ಸ್ಟಾರ್ಟಿಂಗ್ ಗೇಟಲ್ಲಿ ಎಷ್ಟನೇ ಜಾಗದಿಂದ ಹೊರಡುತ್ತೆ ಅನ್ನೋದು, ಇದನ್ನ ಕುದುರೆ ನಂಬರ್ ಜೊತೆ ಕನ್‌ಫ್ಯೂಸ್ ಮಾಡ್ಕೋಬೇಡಿ, ಟಿಕೆಟ್ ತಗೊಳ್ಳೋದು ಕುದುರೆ ನಂಬರ್ ಹೇಳಿ. ಮೇಡನ್ ಅಂದ್ರೆ ಇನ್ನೂ ಒಂದು ರೇಸೂ ಗೆಲ್ಲದ ಕುದುರೆ.

ಹ್ಯಾಂಡಿಕ್ಯಾಪ್ ರೇಸ್ ಅನ್ನೋದನ್ನ ಸ್ವಲ್ಪ ನಿಧಾನಕ್ಕೆ ಅರ್ಥ ಮಾಡ್ಕೊಳ್ಳಿ, ಯಾಕಂದ್ರೆ ನಮ್ಮಲ್ಲಿ ನಡೆಯೋ ರೇಸ್‌ಗಳಲ್ಲಿ ಬಹಳಷ್ಟು ಇವೇ. ಪ್ರತಿ ಕುದುರೆಗೂ ಒಂದು ರೇಟಿಂಗ್ ಇರುತ್ತೆ, ರೇಟಿಂಗ್ ಜಾಸ್ತಿ ಇದ್ದಷ್ಟೂ ಬೆನ್ನ ಮೇಲೆ ಭಾರ ಜಾಸ್ತಿ. ಜಾಕಿ ಮತ್ತೆ ಸ್ಯಾಡಲ್ ತೂಕ ಸೇರಿಸಿದ್ರೂ ಸಾಲ್ದೇ ಹೋದ್ರೆ ಸೀಸದ ತುಂಡು ಇಟ್ಟು ಸರಿಮಾಡ್ತಾರೆ. ಎಲ್ಲಾ ಕುದುರೆನೂ ಒಟ್ಟಿಗೇ ಗೆರೆ ದಾಟಬೇಕು ಅನ್ನೋ ಲೆಕ್ಕದಲ್ಲೇ ಭಾರ ಹಂಚಿರೋದು, ಹಂಗಾಗಿ "ಹೋದ ಸಲ ಈಸಿಯಾಗಿ ಗೆದ್ದಿದೆ, ಈ ಸಲನೂ ಗೆಲ್ಲುತ್ತೆ" ಅಂತ ಕಣ್ಮುಚ್ಚಿ ಹಾಕೋರು ಇಲ್ಲೇ ಸಿಕ್ಕಾಕ್ಕೊಳ್ಳೋದು, ಗೆದ್ದಿದ್ದಕ್ಕೆ ರೇಟಿಂಗ್ ಏರಿಸಿ ಭಾರನೂ ಏರಿಸಿರ್ತಾರಲ್ಲ.

ಈಗ ಫೇವರಿಟ್ ವಿಷಯ. ಯಾವ ಕುದುರೆ ಮೇಲೆ ಜನರ ದುಡ್ಡು ಜಾಸ್ತಿ ಬಿದ್ದು ಆಡ್ಸ್ (ಗೆದ್ರೆ ಎಷ್ಟಕ್ಕೆ ಎಷ್ಟು ಸಿಗುತ್ತೆ ಅನ್ನೋ ರೇಟು) ಎಲ್ಲಕ್ಕಿಂತ ಕಮ್ಮಿ ಆಗಿರುತ್ತೋ ಅದು ಫೇವರಿಟ್, ಅಷ್ಟೇ. ಕ್ಲಬ್ಬಿನವರು ಆರಿಸೋದಲ್ಲ, ತಜ್ಞರು ಕೊಡೋ ಸರ್ಟಿಫಿಕೇಟೂ ಅಲ್ಲ. ಆಡ್ಸ್ 2/1 ಅಂದ್ರೆ 100 ರೂಪಾಯಿಗೆ 200 ಲಾಭ, ನಿಮ್ಮ 100ನೂ ಸೇರಿ 300 ಕೈಗೆ. ಈವನ್ ಮನಿ ಅಂದ್ರೆ 100ಕ್ಕೆ 100. 4/6 ಅಂದ್ರೆ 60 ಹಾಕಿದ್ರೆ ಲಾಭ ಬರೀ 40, ಇದನ್ನ ಆಡ್ಸ್-ಆನ್ ಅಂತಾರೆ (ಟ್ಯಾಕ್ಸ್ ಬೇರೆ, ಅದಕ್ಕೆ ಆಮೇಲೆ ಬರ್ತೀನಿ). ಎರಡನೇ ನಂಬರನ್ನ ಎರಡೂ ಸೇರಿಸಿದ ಮೊತ್ತದಿಂದ ಭಾಗಿಸಿದ್ರೆ ಅದರ ಗೆಲುವಿನ ಚಾನ್ಸ್ ಬಗ್ಗೆ ಆ ರೇಟು ಏನು ಹೇಳ್ತಿದೆ ಅಂತ ಸಿಗುತ್ತೆ: 4/6 ಅಂದ್ರೆ ಶೇ. 60, 2/1 ಅಂದ್ರೆ ಶೇ. 33, 3/1 ಅಂದ್ರೆ ಶೇ. 25.

ಮೂರೇ ಕುದುರೆ ಓಡ್ತಿವೆ, ಬುಕ್ಕಿ (ರೇಟು ಹಾಕಿ ಬೆಟ್ ತಗೊಳ್ಳೋನು) ಬೋರ್ಡಲ್ಲಿ ಈವನ್, 2/1, 3/1 ಇದೆ ಅಂದ್ಕೊಳ್ಳಿ. 50, 33, 25 ಕೂಡಿಸಿ, 108 ಬರುತ್ತೆ. 100 ದಾಟಿರೋ ಆ 8 ಬುಕ್ಕಿ ಪಾಲು. ಯಾವುದು ಗೆದ್ರೂ ಅವ್ನು ಬದುಕ್ಕೊಳ್ಳೋದು ಹೀಗೆ.

ಎಲ್ಲಾ ಕಡೆ ರೇಸ್ ನೋಡಿದ್ರೂ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಸಲ ಫೇವರಿಟ್ ಗೆಲ್ಲುತ್ತೆ, ಅಂದ್ರೆ ಎರಡು ಸಲ ಸೋಲುತ್ತೆ. ಆದ್ರೆ ಎಲ್ಲಾ ಫೇವರಿಟ್ ಒಂದೇ ಥರ ಅಲ್ಲ ಗುರು. ಆರು ಕುದುರೆ ರೇಸಲ್ಲಿ 4/6 ಇರೋದೂ ಫೇವರಿಟ್ಟೇ, ಹದಿನಾಲ್ಕು ಕುದುರೆ ಹ್ಯಾಂಡಿಕ್ಯಾಪ್‌ನಲ್ಲಿ 4/1 ಇರೋದೂ ಫೇವರಿಟ್ಟೇ, ಎರಡನೇದ್ರ ಅರ್ಥ ಇಷ್ಟೇ, ಯಾರಿಗೂ ಏನೂ ಗೊತ್ತಿಲ್ಲ. ಕುದುರೆ ಗೆಲ್ಲುತ್ತಾ ಅನ್ನೋದ್ರ ಜೊತೆಗೆ ಈ ರೇಟಿಗೆ ತಗೊಳ್ಳಬಹುದಾ ಅಂತ ಕೇಳ್ಕೊಳ್ಳಿ. ಅಮೆರಿಕದ ಮ್ಯಾನ್ ಓ ವಾರ್ 21 ರೇಸ್ ಓಡಿ ಸೋತಿದ್ದು ಒಂದೇ ಒಂದು, 1919ರಲ್ಲಿ, ಅದೂ ಆಡ್ಸ್-ಆನ್ ಫೇವರಿಟ್ ಆಗಿದ್ದಾಗ. 2022ರ ಕೆಂಟಕಿ ಡರ್ಬಿ ಗೆದ್ದ ರಿಚ್ ಸ್ಟ್ರೈಕ್‌ದು 80/1, ಹಿಂದಿನ ದಿನ ಬೇರೆ ಕುದುರೆ ಸ್ಕ್ರ್ಯಾಚ್ ಆಗಿದ್ದಕ್ಕೆ, ಅಂದ್ರೆ ಕಣದಿಂದ ಹಿಂದೆ ಸರಿದಿದ್ದಕ್ಕೆ, ಅದಕ್ಕೆ ಜಾಗನೇ ಸಿಕ್ಕಿದ್ದು.

ಬುಕ್ಕಿ ಹತ್ರ ಹಾಕಿದ್ರೆ ಆ ಕ್ಷಣದ ರೇಟು ನಿಮಗೆ ಫಿಕ್ಸ್. ಟೋಟ್ ಹಂಗಲ್ಲ, ಎಲ್ಲರ ದುಡ್ಡೂ ಒಂದು ಪೂಲ್‌ಗೆ ಹೋಗುತ್ತೆ, ಕಡಿತ ಕಳೆದು ಉಳಿದಿದ್ದನ್ನ ಗೆದ್ದೋರಿಗೆ ಹಂಚ್ತಾರೆ, ಹಂಗಾಗಿ ರೇಸ್ ಶುರು ಆಗೋವರೆಗೂ ಡಿವಿಡೆಂಡ್ (ಗೆದ್ದ ಟಿಕೆಟ್‌ಗೆ ಸಿಗೋ ದುಡ್ಡು) ಎಷ್ಟು ಅಂತ ಪಕ್ಕಾ ಗೊತ್ತಾಗಲ್ಲ. ವಿನ್ ಅಂದ್ರೆ ಫಸ್ಟೇ ಬರಬೇಕು, ಪ್ಲೇಸ್ ಅಂದ್ರೆ ಮೊದಲ ಎರಡು ಅಥವಾ ಮೂರರಲ್ಲಿ ಬಂದ್ರೆ ಸಾಕು (ಎಷ್ಟು ಕುದುರೆ ಓಡ್ತಿವೆ ಅನ್ನೋದ್ರ ಮೇಲೆ ಹೋಗುತ್ತೆ). ಕ್ವಿನೆಲ್ಲಾ ಅಂದ್ರೆ ಮೊದಲೆರಡು ಯಾವ ಕ್ರಮದಲ್ಲಾದ್ರೂ ಸರಿ, ಫೋರ್‌ಕಾಸ್ಟ್ ಅಂದ್ರೆ ಸರಿಯಾದ ಕ್ರಮದಲ್ಲಿ, ತನಾಲಾ ಅಂದ್ರೆ ಮೊದಲ ಮೂರೂ ಕ್ರಮವಾಗಿ. ಹೊಸಬರು ವಿನ್, ಪ್ಲೇಸ್‌ನಲ್ಲೇ ಇರಿ, ಜಾಕ್‌ಪಾಟ್ (ಸಾಲಾಗಿ ಹಲವು ರೇಸ್‌ಗಳ ವಿನ್ನರ್ ಹೇಳೋ ಬೆಟ್ಟು) ಕಡೆ ತಲೆ ಹಾಕಿನೂ ಮಲಗಬೇಡಿ.

ಫೇವರಿಟ್ ನಿಜವಾಗ್ಲೂ ಗಟ್ಟಿನಾ ಅಂತ ನೋಡೋಕೆ ಒಂದೆರಡು ದಾರಿ ಇದೆ. ಪೇಪರಲ್ಲಿ ಬೆಳಗಿನ ಟ್ರ್ಯಾಕ್ ವರ್ಕ್, ಅಂದ್ರೆ ಕುದುರೆಗಳ ಪ್ರಾಕ್ಟೀಸ್ ಓಟ, ಬರುತ್ತೆ, "ಔಟರ್ ಸ್ಯಾಂಡ್, 600 ಮೀ., 39.5" ಅಂತ (ಹೊರಗಿನ ಮರಳು ಟ್ರ್ಯಾಕಲ್ಲಿ 600 ಮೀಟರ್‌ನ 39.5 ಸೆಕೆಂಡಲ್ಲಿ ಓಡ್ತು ಅಂತ), ಪಕ್ಕದಲ್ಲೇ "ಮೂವ್ಡ್ ಫ್ರೀಲಿ", "ಶೇಪ್ಡ್ ವೆಲ್" ಅಂತ ಎರಡು ಪದ. ಒಂದೇ ದಿನ ಹತ್ತಾರು ಕುದುರೆಗೆ ಮೂವ್ಡ್ ಫ್ರೀಲಿ ಅಂತ ಬರೆದಿರ್ತಾರೆ, ಅದನ್ನ ನೋಡಿ ಕುಣೀಬೇಡಿ. ಬೆಂಗಳೂರಿನ ಸಮ್ಮರ್ ಸೀಸನ್ ಮಳೆಗಾಲಕ್ಕೆ ಸಿಗೋದ್ರಿಂದ ಪೆನೆಟ್ರೋಮೀಟರ್ ರೀಡಿಂಗ್ ನೋಡಿ, ನಂಬರ್ ಜಾಸ್ತಿ ಇದ್ರೆ ಟ್ರ್ಯಾಕ್ ಮೆತ್ತಗಿದೆ ಅಂತ, ಗಟ್ಟಿ ನೆಲದಲ್ಲಿ ಗೆದ್ದ ಕುದುರೆ ಅಲ್ಲಿ ಒದ್ದಾಡಬಹುದು. ಆಮೇಲೆ ಪ್ಯಾಡಕ್ (ರೇಸ್‌ಗೆ ಮುಂಚೆ ಕುದುರೆಗಳನ್ನ ಸುತ್ತಾಡಿಸೋ ಜಾಗ) ಹತ್ರ ಹೋಗಿ ನಿಂತ್ಕೊಳ್ಳಿ, ಓಡೋ ಮುಂಚೆನೇ ಮೈಯೆಲ್ಲಾ ನೊರೆ ಬಂದು ಚಡಪಡಿಸ್ತಿರೋ ಕುದುರೆ ನೋಡಿದ್ರೆ ನಿಮಗೇ ಗೊತ್ತಾಗುತ್ತೆ.

ಟ್ಯಾಕ್ಸ್ ಲೆಕ್ಕ ಮರೀಬೇಡಿ. ಲಾಭದ ಮೇಲಲ್ಲ, ಹಾಕಿದ ಬೆಟ್ಟಿನ ಪೂರ್ತಿ ಮೊತ್ತದ ಮೇಲೆ ಜಿಎಸ್‌ಟಿ, ಅದು 28 ಇದ್ದಿದ್ದು 2025ರ ಸೆಪ್ಟೆಂಬರಿಂದ ಶೇ. 40 ಆಗಿದೆ. ಹಂಗಾಗಿ ಆಡ್ಸ್-ಆನ್ ಫೇವರಿಟ್ ಗೆದ್ರೂ ಕೈಗೆ ಉಳಿಯೋದು ತುಂಬಾ ಕಮ್ಮಿ ಅನ್ನೋ ಪರಿಸ್ಥಿತಿ. ಟ್ಯಾಕ್ಸ್ ಇಲ್ಲ ಅಂತ ವಾಟ್ಸಾಪಲ್ಲಿ ಬರೋ ಹೊರಗಿನ ಬುಕ್ಕಿಗಳ ಹತ್ರ ಹೋಗ್ಬೇಡಿ, ಅದು ಕಾನೂನು ಪ್ರಕಾರ ಅಪರಾಧ, ಗೆದ್ದ ದುಡ್ಡು ಕೊಡಲ್ಲ ಅಂದ್ರೆ ಯಾರಿಗೆ ಕಂಪ್ಲೇಂಟ್ ಕೊಡ್ತೀರ.

ಇನ್ನೊಂದು, ನಿಮ್ಮ ಕುದುರೆ ಸೆಕೆಂಡ್ ಬಂತು ಅಂತ ತಕ್ಷಣ ಟಿಕೆಟ್ ಹರಿದು ಬಿಸಾಕ್ಬೇಡಿ. ಫೋಟೋ ಫಿನಿಶ್ ನೋಡಬೇಕು, ಗೆದ್ದ ಕುದುರೆ ಅಡ್ಡ ಬಂತು ಅಂತ ಆಬ್ಜೆಕ್ಷನ್ ಹಾಕಬಹುದು, ಜಾಕಿ ತೂಕದಲ್ಲಿ ವ್ಯತ್ಯಾಸ ಬರಬಹುದು. ಫೈನಲ್ ರಿಸಲ್ಟ್ ಅನೌನ್ಸ್ ಆಗೋವರೆಗೂ ಅದು ಜೇಬಲ್ಲೇ ಇರ್ಲಿ.