ಖಾಲಿ ಉರುಳೂ ಒಂದು ಕೇಸೇ

ನಾಗರಹೊಳೆ ಕಾಡಿಗೆ ಕಾಫಿ ತೋಟಗಳು ತಾಗಿಕೊಂಡಿರುವ ಕಡೆ ನಾನು ಡಿಆರ್‌ಎಫ್‌ಒ, ಅಂದರೆ ಉಪ ವಲಯ ಅರಣ್ಯಾಧಿಕಾರಿ. ಇಲ್ಲಿ ಬಂದೂಕಿಗಿಂತ ನನಗೆ ಜಾಸ್ತಿ ಭಯ ಉರುಳಿನದು, ಅಂದರೆ ಪ್ರಾಣಿ ಹಿಡಿಯಲು ಜಾಡಿನಲ್ಲಿ ಕಟ್ಟುವ ವೈರಿನ ಕುಣಿಕೆಯದು. ಗುಂಡು ಹಾರಿದರೆ ಕಳ್ಳಬೇಟೆ ತಡೆ ಕ್ಯಾಂಪಿನವರಿಗೆ ದಿಕ್ಕಾದರೂ ಗೊತ್ತಾಗುತ್ತದೆ. ಉರುಳು ಹಾಕಿದವನು ಮನೆಗೆ ಹೋಗಿ ಮಲಗಿರುತ್ತಾನೆ. ಬೈಕಿನ ಹಳೇ ಕ್ಲಚ್ ವೈರ್ ಇದ್ದರೆ ಸಾಕು. ಹಂದಿಗೆ ಅಂತ ಹಾಕಿದ್ದಕ್ಕೆ ಚಿರತೆ ಬೀಳುತ್ತದೆ, ಹುಲಿಯೂ ಬೀಳುತ್ತದೆ.

ಗಸ್ತಿನಲ್ಲಿ ನಾವು ಬೇಲಿ ಹಿಡಿದೇ ನಡೆಯುತ್ತೇವೆ. ಮುಂದೆ ನಮ್ಮ ಜೇನುಕುರುಬ ವಾಚರ್. ಹಂದಿ ನುಸುಳುವ ಕಂಡಿ, ಜಾಡಿನ ಎರಡೂ ಪಕ್ಕ ಯಾರೋ ಕಡಿದು ಒಟ್ಟಿದ ಲಂಟಾನ ಕೊಂಬೆ, ಇವೆಲ್ಲ ಅವರಿಗೆ ದೂರದಿಂದಲೇ ಕಾಣುತ್ತವೆ. ನನ್ನ ಕಣ್ಣಿಗೆ ವೈರ್ ಬೀಳುವುದು ಆಮೇಲೆ. ಒಂದು ಸಿಕ್ಕಿದರೆ ಆ ಸಾಲು ಪೂರ್ತಿ ಹುಡುಕುತ್ತೇವೆ.

ಸಿಕ್ಕ ತಕ್ಷಣ ಕಿತ್ತು ಚೀಲಕ್ಕೆ ಹಾಕಿಕೊಂಡರೆ ಆ ದಿನಕ್ಕೆ ಪ್ರಾಣಿ ಉಳಿಯಿತು, ನಿಜ. ಹಾಕಿದವನು ಮಾತ್ರ ನಾಳೆ ಇನ್ನೊಂದು ಹಾಕುತ್ತಾನೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಉರುಳಿಗೆ ಪ್ರಾಣಿ ಬಿದ್ದಿರಲೇಬೇಕು ಅಂತಿಲ್ಲ. ಹಿಡಿಯುವ ಪ್ರಯತ್ನವೂ ಬೇಟೆಯೇ. ಹಾಗಾಗಿ ಖಾಲಿ ಉರುಳಿಗೂ ನಾನು ಕೇಸು ಹಾಕುತ್ತೇನೆ.

ಮೊದಲು ಫೋಟೋ, ಜಿಪಿಎಸ್, ನೆಲದಿಂದ ಕುಣಿಕೆ ಎಷ್ಟು ಎತ್ತರ ಅಂತ ಅಳತೆ. ಪಂಚರನ್ನು, ಅಂದರೆ ಸಾಕ್ಷಿಗಳನ್ನು, ಕರೆಸಿ ಅಲ್ಲೇ ಮಹಜರು. ಗಂಟು ಬಿಚ್ಚುವುದೇ ಇಲ್ಲ, ಗೂಟದ ಸಮೇತ ತೆಗೆದು ಸೀಲ್ ಮಾಡುತ್ತೇವೆ. ಯಾಕೆ ಅಂದರೆ ಒಬ್ಬೊಬ್ಬರ ಕೈಯ ಗಂಟು ಒಂದೊಂದು ಥರ. ಒಂದು ಕೇಸಿನಲ್ಲಿ ವೈರನ್ನು ಎರಡು ಸುತ್ತು ತಿರುಚಿ, ತುದಿಯನ್ನು ಒಳಕ್ಕೆ ಮಡಚಿದ್ದರು. ಶಂಕಿತನ ಕೊಟ್ಟಿಗೆ ಶೋಧಿಸಿದಾಗ ಅಂಥದ್ದೇ ಗಂಟು ಹಾಕಿದ ಇನ್ನೊಂದು ಕುಣಿಕೆ, ಪಕ್ಕದಲ್ಲಿ ಉಳಿದ ವೈರಿನ ತುಂಡು. ಕತ್ತರಿಸಿದ ತುದಿಗಳನ್ನು ಹತ್ತಿರ ಹಿಡಿದರೆ ಎಳೆಗೆ ಎಳೆ ಕೂಡುತ್ತಿತ್ತು. ಗಂಟು ಬಿಚ್ಚಿದ್ದರೆ ಅದರಲ್ಲಿ ಅರ್ಧ ಸಾಕ್ಷ್ಯ ಹೋಗಿರುತ್ತಿತ್ತು ಅಲ್ವಾ? ಮನೆಯಲ್ಲಿ ಮಾಂಸ ಸಿಕ್ಕರೆ ಅದು ಯಾವ ಪ್ರಾಣಿಯದು ಅಂತ ಡಿಎನ್‌ಎ ಪರೀಕ್ಷೆಗೆ ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರಕ್ಕೆ ಕಳಿಸಬಹುದು.

ಜೀವ ಇರುವ ಚಿರತೆ ಸಿಕ್ಕಿಕೊಂಡಿದ್ದರೆ ಇದೆಲ್ಲ ಆಮೇಲೆ. ಮೊದಲು ಜನರನ್ನು ದೂರ ಕಳಿಸಬೇಕು. ಗಲಾಟೆ ಕೇಳಿದಷ್ಟೂ ಅದು ಒದ್ದಾಡುತ್ತದೆ, ವೈರ್ ಸೊಂಟಕ್ಕೆ ಇನ್ನೂ ಇಳಿಯುತ್ತದೆ. ಅರಿವಳಿಕೆ ಕೊಟ್ಟು ಬಿಡಿಸಿದ ಮೇಲೂ ಡಾಕ್ಟರು ಸುಮ್ನೆ ಬಿಟ್ಟುಬಿಡುವುದಿಲ್ಲ. ಹೊರಗೆ ಗಾಯ ಕಾಣದಿದ್ದರೂ ಒಳಗೆ ಮೂತ್ರಪಿಂಡಕ್ಕೆ ಪೆಟ್ಟಾಗಿರಬಹುದು.

ಹಂದಿ ಕಾಟದಿಂದ ಗದ್ದೆ ಕಳೆದುಕೊಂಡವರ ಸಂಕಟ ನನಗೆ ಗೊತ್ತು. ಪರಿಹಾರದ ಅರ್ಜಿ ಬರೆಯಲು ನಾನೇ ಕೂರುತ್ತೇನೆ. ನಿಮ್ಮ ತೋಟದಲ್ಲಿ ಉರುಳು ಕಂಡರೆ ದಯವಿಟ್ಟು ಮುಟ್ಟಬೇಡಿ, ರೇಂಜ್ ಆಫೀಸಿಗೆ ಒಂದು ಫೋನ್ ಮಾಡಿ. ನಾವು ಬರುವ ತನಕ ನಾಯಿಯನ್ನು ಕಟ್ಟಿಹಾಕಿ.